ಬೈರಿಗೆ ಕಲಿಸಿದ ಭಾವ

ಭಾವನ ತಿಥಿಯ ಪಂಕ್ತಿಯಲ್ಲಿ ಕೂತಿದ್ದೆವು. ನನ್ನ ಎದುರಿಗೆ ಹುಣಸೂರಿನಿಂದ ಬಂದಿದ್ದ ಹಿರಿಯರೊಬ್ಬರು ಅನ್ನ ಕಲಸುತ್ತಾ, “ಒಬ್ರ ಮನ್ಸು ನೋಯಿಸ್ದೋನಲ್ಲ ಕಣ್ರೀ ಆ ಮನ್ಸ” ಅಂದರು. ಅವರು ಭಾವನನ್ನು ವರ್ಷಕ್ಕೊಮ್ಮೆ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ನೋಡಿದ್ದರೆ ಹೆಚ್ಚು. ನನಗೆ ಸಾರು ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಬಡಿಸುತ್ತಿದ್ದ ಹೆಂಗಸು ನನ್ನ ನೆತ್ತಿ ತಟ್ಟಿ, “ಯಾರೋ ನೆನೆಸ್ಕತಾವ್ರೆ ಕಣವ್ವ” ಅಂದಳು. ಯಾರು ಅಂತ ನನಗೆ ಗೊತ್ತಿತ್ತು. ಎದುರಿನವರು ನನ್ನ ಕಣ್ಣೀರು ನೋಡಿ, ಪಾಪ, ತಮ್ಮನ ಹೆಂಡತಿಗೆ ಎಷ್ಟು ಸಂಕಟ ಅಂದುಕೊಂಡರೋ ಏನೋ, ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿದರು.

ಸತ್ತವರನ್ನು ಬೈಯಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾಳೆ. ನಾನು ಬೈಯುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅದು ಬೈಗುಳದ ಹಾಗೆ ಕೇಳಿಸಿದರೆ ನಾನೇನು ಮಾಡಲಿ.

ಭಾವ ಅಂದರೆ ನನ್ನ ಗಂಡನ ದೊಡ್ಡಪ್ಪನ ಮಗ. ಎರಡು ಮನೆಗೂ ಒಂದೇ ಗೋಡೆ, ಹಿತ್ತಲಿನ ಎರಡು ಬ್ಯಾರನ್ನುಗಳ ನಡುವೆ ಸೊಂಟದೆತ್ತರದ ಇನ್ನೊಂದು ಗೋಡೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಬ್ಯಾರನ್ ಅಂದರೆ ಏನು ಅಂತ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಸಾಲು ಸಾಲಾಗಿ ನೇತುಹಾಕಿ, ಕೆಳಗಿನ ಕೊಳವೆಗಳಲ್ಲಿ ಬೆಂಕಿಯ ಬಿಸಿ ಹಾಯಿಸಿ ಬೇಯಿಸುವ ಎತ್ತರದ ಮನೆ ಅದು. ಬೇಯಿಸುವುದು ಅಂತ ನಾವು ಅನ್ನುತ್ತೇವೆ, ನಿಜವಾಗಿ ಅದು ಒಣಗಿಸುವುದು. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು, ಆ ಬಣ್ಣ ನಿಲ್ಲಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ನಡುವೆ ಬೆಂಕಿ ನಿಂತರೆ ಸೊಪ್ಪು ಕಂದಿ ಕಪ್ಪಾಗುತ್ತದೆ. ಕಪ್ಪು ಸೊಪ್ಪನ್ನು ಹರಾಜು ಕಟ್ಟೆಗೆ ಒಯ್ದರೆ ಕೊಳ್ಳುವವರು ಅದನ್ನು ಮುಟ್ಟಿಯೂ ನೋಡುವುದಿಲ್ಲ.

ಸೌದೆ ಸಿಗುವುದು ಕಷ್ಟವಾದ ಮೇಲೆ ನಮ್ಮೂರಿಗೆ ಪೆಲೆಟ್ ಒಲೆ ಬಂತು. ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಸಣ್ಣ ತುಂಡುಗಳಿಗೆ ಪೆಲೆಟ್ ಅನ್ನುತ್ತಾರೆ. ನನ್ನ ಕೋಳಿಗಳು ಮೊದಲ ದಿನ ಅದನ್ನು ಫೀಡು ಅಂತ ತಿಳಿದು ಕುಕ್ಕಿ, ನನ್ನ ಮುಖ ನೋಡಿದವು. ಒಲೆಗೆ ಮೇಲೊಂದು ಡಬ್ಬ. ಡಬ್ಬದ ತಳದಿಂದ ಒಲೆಯ ಬಾಯಿಯವರೆಗೆ ಕಬ್ಬಿಣದ ಕೊಳವೆ. ಕೊಳವೆಯೊಳಗೆ ನಿಧಾನವಾಗಿ ತಿರುಗುತ್ತಾ ಪೆಲೆಟ್ಟನ್ನು ಬೆಂಕಿಗೆ ತಳ್ಳುವ ಉದ್ದನೆಯ ತಿರುಪು. ಕಂಪನಿಯವರು ಅದಕ್ಕೆ ಆಗರ್ ಅಂದರು. ಬಡಗಿಯ ಬೈರಿಗೆಯನ್ನೇ ದೊಡ್ಡದು ಮಾಡಿಟ್ಟ ಹಾಗಿದ್ದುದರಿಂದ ನಾವು ಬೈರಿಗೆ ಅಂದೆವು. ಊರಿನ ಮೊದಲ ಒಲೆ ಭಾವನ ಬ್ಯಾರನ್ನಿಗೆ ಬಂತು. ಕಂಪನಿಯಿಂದ ಬಂದವನು ಅವರ ಅಂಗಳದಲ್ಲೇ ಗಂಡಸರನ್ನೆಲ್ಲ ಕೂರಿಸಿಕೊಂಡು, ಬೈರಿಗೆ ಬಿಚ್ಚುವುದು, ಜೋಡಿಸುವುದು ತೋರಿಸಿಕೊಟ್ಟ. ಕಾಫಿ ಲೋಟ ತಂದುಕೊಟ್ಟು, ಖಾಲಿ ಲೋಟ ಎತ್ತಿಕೊಂಡು ಹೋಗುವಾಗ ಕಿವಿಗೆ ಬಿದ್ದಷ್ಟೇ ನನಗೆ ಆದ ಪಾಠ.

ಅಲ್ಲಿಂದ ಊರಿನಲ್ಲಿ ಯಾರ ಬೈರಿಗೆ ನಿಂತರೂ ಭಾವನನ್ನು ಕರೆಯಬೇಕು ಅಂತಾಯಿತು. ಅವರು ಬರುತ್ತಿದ್ದರು. ಬರುವುದಿಲ್ಲ ಅಂತ ಒಂದು ದಿನವೂ ಅನ್ನಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬಂದವರು ಗೋಣಿಚೀಲ ಹಾಸಿ, ಮೋಟಾರು, ಪಿನ್ನು, ಬುಷ್ಷು, ಬೈರಿಗೆ ಎಲ್ಲವನ್ನೂ ಬಿಚ್ಚಿ ಸಾಲಾಗಿ ಇಡುತ್ತಿದ್ದರು. ಒಳಗೆ ಸೊಪ್ಪು ಕಾವಿಗೆ ಕಾಯುತ್ತಿದೆ, ಮನೆಯವರ ಜೀವ ಬಾಯಿಗೆ ಬಂದಿದೆ. ಆಗ ಅವರು ಎದ್ದು ನಿಂತು ಕೈ ಒರೆಸಿಕೊಂಡು, “ಒಸಿ ಕಾಫಿ ಕುಡ್ಕಂಡ್ ಬತ್ತೀನಿ” ಅನ್ನುತ್ತಿದ್ದರು. ಆ ಮನೆಯ ಕಾಫಿ ಅಲ್ಲ, ಸರ್ಕಲ್ಲಿನ ಹೋಟೆಲ್ಲಿನ ಕಾಫಿ. ಅಲ್ಲಿ ಪೇಪರು ಓದುತ್ತಿದ್ದರು. ಹಿಂದೆಯೇ ಓಡಿ ಹೋಗಿ ಕೈ ಮುಗಿದವನಿಗೆ, “ಅಲ್ಲೇ ನಿಂತಿರು, ನೀನ್ ಬಂದ್ರೆ ಕಾಫಿ ಬೇಗ ಆರ್ತದಾ?” ಅನ್ನುತ್ತಿದ್ದರು.

ನೋಡಲು ಅಂಥ ಮನುಷ್ಯ ಅಂತ ಅನ್ನಿಸುತ್ತಿರಲಿಲ್ಲ. ಕುಳ್ಳಗೆ, ಅಚ್ಚುಕಟ್ಟಾಗಿ, ಒಗೆದ ಬನಿಯನ್ನು ತೊಟ್ಟಿರುತ್ತಿದ್ದರು. ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಮೆತ್ತಗೆ ಮಾತಾಡುತ್ತಿದ್ದರು, ನಗುತ್ತಲೇ ಇರುತ್ತಿದ್ದರು. ಬೈರಿಗೆ ಓಡುವಾಗ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಕೊಳವೆಗೂ ಇನ್ನೊಂದನ್ನು ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಗ ಯಾರಾದರೂ ಉಸಿರೆತ್ತಿದರೆ, “ಸುಮ್ಕಿರು. ನಿನ್ಗಿಂತ ಇದು ಚೆನ್ನಾಗಿ ಮಾತಾಡ್ತದೆ” ಅನ್ನುತ್ತಿದ್ದರು.

ಮೋಟಾರಿಗೂ ಬೈರಿಗೆಗೂ ನಡುವೆ ಒಂದು ಸಣ್ಣ ಪಿನ್ನು ಇರುತ್ತದೆ. ಬೈರಿಗೆ ಎಲ್ಲಾದರೂ ಸಿಕ್ಕಿಕೊಂಡರೆ ಮೋಟಾರು ಸುಡದಿರಲಿ ಅಂತ ಆ ಪಿನ್ನನ್ನು ಬೇಕೆಂದೇ ಮೆತ್ತನೆಯ ಲೋಹದಲ್ಲಿ ಮಾಡಿರುತ್ತಾರೆ. ಅದನ್ನು ಜನಕ್ಕೆ ವಿವರಿಸುವಾಗ ಭಾವ, “ಇದು ಮುರೀಲಿ ಅಂತ್ಲೇ ಮಾಡಿರದು ಕಣ್ಲಾ. ಪ್ರತಿ ಮನೇಲೂ ಇಂಥದ್ದೊಂದು ಇರ್ತದೆ” ಅಂದು, ಟಾರ್ಚು ಹಿಡಿದು ನಿಂತಿರುತ್ತಿದ್ದ ತಮ್ಮ ಹೆಂಡತಿಯ ಕಡೆ ನೋಡುತ್ತಿದ್ದರು. ಅಕ್ಕ ಅಂತ ನಾನು ಕರೆಯುವುದು ಅವರನ್ನೇ. ಜನ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದರು. ಟಾರ್ಚಿನ ಬೆಳಕು ಸ್ವಲ್ಪ ಅಲ್ಲಾಡಿದರೂ ಭಾವ ಕೆಲಸ ನಿಲ್ಲಿಸಿ ಕೈ ಕಟ್ಟಿ ಕೂತುಬಿಡುತ್ತಿದ್ದರು. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೆ.ಆರ್. ನಗರದ ಕಡೆಯ ಅಕ್ಕಿ ಗಿರಣಿಯ ಮಾಲೀಕನೊಬ್ಬ ನಮ್ಮೂರಿನ ಅಳಿಯ. ಗಿರಣಿಯಲ್ಲಿ ಇಂಥ ತಿರುಪು ಹತ್ತಾರು ಕಂಡಿದ್ದೇನೆ ಅಂತ ಒಮ್ಮೆ ಭಾವನ ಎದುರು ಕೂತು ಸಲಹೆ ಕೊಡತೊಡಗಿದ. “ಬನ್ನಿ ಬುದ್ಧಿ, ನೀವೇ ಜೋಡ್ಸಿ, ನಾವೂ ಕಲಿಯವಾ” ಅಂದರು ಭಾವ. ಆತ ಬಿಳಿ ಷರ್ಟಿನ ತೋಳು ಮಡಚಿ ಕೂತ. ಎಲ್ಲ ಸರಿಹೋಯಿತು, ಪಿನ್ನು ಮಾತ್ರ ಇಲ್ಲ. ಗೋಣಿಚೀಲ ಕೊಡವಿದ, ಬೂದಿ ಜಾಲಿಸಿದ, ಮೊಣಕಾಲೂರಿ ಅಂಗಳವೆಲ್ಲ ಹುಡುಕಿದ. ಹೆಂಡತಿಯ ಊರಿನವರೆಲ್ಲ ನಿಂತು ನೋಡಿದರು. ಭಾವ ಎಲೆಅಡಿಕೆ ಮೆಲ್ಲುತ್ತಾ, “ಅಲ್ಲೆಲ್ಲೋ ಇರ್ಬೇಕು ನೋಡಿ, ಇನ್ನೊಸಿ ಬಗ್ಗಿ” ಅನ್ನುತ್ತಿದ್ದರು. ಹೊತ್ತು ಇಳಿದ ಮೇಲೆ, ಆತನ ಷರ್ಟು ಮಸಿ ಮುಖ ಮಸಿ ಆದ ಮೇಲೆ, ಎಲೆಅಡಿಕೆ ಉಗಿದು, ದವಡೆಯಿಂದ ಪಿನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. “ಇದೇನಾ ಬುದ್ಧಿ?” ಆ ಅಳಿಯ ಆಮೇಲೆ ಹಬ್ಬಕ್ಕೂ ನಮ್ಮೂರಿಗೆ ಬರಲಿಲ್ಲ.

ಭಾವನ ಈ ವಿದ್ಯೆ ನಡೆಯದೇ ಹೋದದ್ದು ನನಗೆ ತಿಳಿದಂತೆ ಒಬ್ಬರ ಹತ್ತಿರ ಮಾತ್ರ. ಬೈಲಕುಪ್ಪೆಯಲ್ಲಿ ಟಿಬೆಟಿನವರ ಒಂದು ಮಠದ ಅಡುಗೆಮನೆಗೆ ಇಂಥದೇ ಸಣ್ಣ ಒಲೆ ಹಾಕಿಸಿದ್ದರು. ಬೈರಿಗೆ ನಿಂತಿತು ಅಂತ ಯಾರೋ ಭಾವನ ಹೆಸರು ಹೇಳಿ ಕರೆಸಿದರು. ಅಡುಗೆಯ ಲಾಮಾ ದಪ್ಪ ಆಳು, ತೋಳಿನವರೆಗೆ ಹಿಟ್ಟು ಮೆತ್ತಿಕೊಂಡೇ ಬಂದು ಪಕ್ಕದಲ್ಲಿ ಕೂತರಂತೆ. “ಮಂತ್ರ ಯೋಳಾಕೆ ಬತ್ತದೆ, ಒಂದು ಬೈರಿಗೆ ಕೂರ್ಸಾಕೆ ಬರಾಕಿಲ್ವಾ ನಿಮ್ಗೆ?” ಅಂದಿದ್ದಾರೆ ಭಾವ. ಆ ಲಾಮಾ, “ಬರಲ್ಲ ಸಾರ್, ಏನೂ ಬರಲ್ಲ” ಅಂತ ಹೊಟ್ಟೆ ಕುಣಿಸಿ ನಕ್ಕು, ಭಾವನ ಬೆನ್ನಿಗೆ ಒಂದು ಗುದ್ದು ಗುದ್ದಿ, ತಟ್ಟೆ ತುಂಬ ಮೊಮೊ ತಂದಿಟ್ಟರಂತೆ. ಭಾವ ಇನ್ನೊಂದು ಚುಚ್ಚುಮಾತು ಆಡಿದರು, ಆತ ಇನ್ನೂ ಜೋರಾಗಿ ನಕ್ಕ. ಭಾವ ಮುಖ ಊದಿಸಿಕೊಂಡು ಬಂದರು. “ಬಯ್ದ್ರೆ ನಗ್ತಾನೆ. ಅಂಥೋನಿಗೆ ಏನು ಕಲ್ಸದು” ಅಂದರು. ಮತ್ತೆ ಆ ಕಡೆ ಹೋಗಲಿಲ್ಲ. ಆ ಲಾಮಾನನ್ನು ಒಮ್ಮೆ ನೋಡಬೇಕು ಅಂತ ನನಗೆ ಇವತ್ತಿಗೂ ಆಸೆ. ಅದು ಹೇಗೆ ನಗುವುದು ಅಂತ ಕೇಳಬೇಕು. ನನಗೆ ಬರಲಿಲ್ಲವಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ಬಸ್ ಡ್ರೈವರು, ಎಚ್.ಡಿ. ಕೋಟೆ, ಸರಗೂರಿನ ಕಡೆಯ ರೂಟು. ವಾರದ ರಜೆಗೆ ಮನೆಗೆ ಬಂದರೆ ಅರ್ಧ ದಿನ ನಿದ್ದೆಯಲ್ಲೇ ಕಳೆಯುತ್ತದೆ. ಬ್ಯಾರನ್ ನೋಡಿಕೊಳ್ಳುವುದು ಅವರಿಂದ ಆಗದ ಮಾತು. “ಅಣ್ಣಂಗೆ ವಹಿಸ್ಬುಡವಾ, ನಿನ್ಗ್ಯಾಕೆ ಆ ಮಸಿ” ಅನ್ನುತ್ತಿದ್ದರು. ನಾನು ಒಪ್ಪಲಿಲ್ಲ. ಸೊಪ್ಪು ಕಟ್ಟುವುದು ನನಗೆ ಬರುತ್ತಿತ್ತು, ಕಾವು ನೋಡುವುದು ಬರುತ್ತಿತ್ತು, ಪಿರಿಯಾಪಟ್ಟಣದಲ್ಲಿ ಪಿಯುಸಿ ಓದಿದವಳು ಒಂದು ಒಲೆ ನಡೆಸಲಾರೆನೇ ಅಂತ ಹಟ ಹಿಡಿದೆ. ಕೊನೆಗೆ ಮನೆಯಲ್ಲಿ ಒಂದು ಮಾತಾಯಿತು. ಈ ಹಂಗಾಮು ನಾನು ಬೇಯಿಸಬೇಕು. ಸೊಪ್ಪು ಚೆನ್ನಾಗಿ ಬಂದರೆ ಬ್ಯಾರನ್ ನನ್ನ ಕೈಯಲ್ಲೇ ಇರುತ್ತದೆ. ಕೆಟ್ಟರೆ ಮುಂದಿನ ಹಂಗಾಮಿನಿಂದ ಭಾವನಿಗೆ. ಆ ಮಾತು ಆದದ್ದು ಭಾವನ ಎದುರಿಗೇ. “ನಂಗ್ಯಾಕವ್ವಾ ನಿನ್ ಬ್ಯಾರನ್ನು” ಅಂದರು ನಗುತ್ತಾ. ಅವತ್ತಿನಿಂದ ನನ್ನನ್ನು ಪೀವೂಸಿ ಅಂತ ಕರೆಯಲು ಶುರು ಮಾಡಿದರು.

ನಮ್ಮ ಒಲೆಗೂ ಪೆಲೆಟ್ ಯಂತ್ರ ಬಂತು. ಸೌದೆ ಹಾಕುವ ಹಳೆಯ ಬಾಯಿಯನ್ನು ಇಟ್ಟಿಗೆಯಲ್ಲಿ ಮುಚ್ಚಿಸಿದೆವು. ಹಂಗಾಮಿನ ಅರ್ಧದವರೆಗೂ ನನ್ನ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ಯಾರೋ ನೋಡಲು ಬಂದವರು ಭಾವನ ಸೊಪ್ಪಿಗಿಂತ ಒಂದು ತೂಕ ಹೆಚ್ಚು ಅಂದರು. ಅದನ್ನು ಅವರು ಗೋಡೆಯಾಚೆ ನಿಂತು ಕೇಳಿಸಿಕೊಂಡರು.

ಆಮೇಲೆ ಆಯುಧಪೂಜೆ ಬಂತು. ಆ ಸಲದ ಸೊಪ್ಪು ಗಿಡದ ನಡುಭಾಗದ್ದು, ವರ್ಷದಲ್ಲೇ ಒಳ್ಳೆಯ ಎಲೆ. ಬ್ಯಾರನ್ ತುಂಬಿ ಆಗಿತ್ತು. ಪೂಜೆ ಮುಗಿಸಿ ಬೆಂಕಿ ಹಚ್ಚುವುದು ಅಂತ ಇದ್ದೆ. ನಮ್ಮ ಕಡೆ ಆಯುಧಪೂಜೆ ಅಂದರೆ ಮೊದಲು ತೊಳೆಯುವುದು. ಮಚ್ಚು, ಕುಡುಗೋಲು, ಗುದ್ದಲಿ, ಪಂಪು, ಬೈಕು, ಕೈಗೆ ಸಿಕ್ಕಿದ್ದೆಲ್ಲ ತೊಳೆದು ಕುಂಕುಮ ಇಟ್ಟು ಹೂವು ಮುಡಿಸುತ್ತೇವೆ. ಎಲ್ಲ ತೊಳೆದು, ಯಂತ್ರವನ್ನು ಬಿಟ್ಟರೆ ಅದಕ್ಕೆ ಬೇಸರವಾಗದೇ ಅನ್ನಿಸಿತು. ಡಬ್ಬ ಇಳಿಸಿ, ಬೈರಿಗೆ ಹೊರಗೆಳೆದು, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಕೊಳವೆಗೆ ಚೊಂಬಿನಿಂದ ನೀರು ಹುಯ್ದೆ. ಭಾವ ಕಾಫಿ ಲೋಟ ಹಿಡಿದು ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದರು.

“ಏನ್ ಪೀವೂಸಿ, ಬೈರಿಗೇಗೂ ಸ್ನಾನವಾ?”

“ಊಂ ಬಾವ. ಅದೂ ಆಯುಧನೇ ಅಲ್ವಾ?”

“ಔದೌದು.” ಒಂದು ಗುಟುಕು ಕಾಫಿ ಕುಡಿದರು. “ಕೊಳ್ವೆ ಒಳ್ಗೆ ಮಸಿ ಐತೆ ನೋಡು. ಚೆನ್ನಾಗಿ ತೊಳಿಯವ್ವ.”

ನಾನು ಇನ್ನೊಂದು ಬಿಂದಿಗೆ ನೀರು ಹುಯ್ದೆ.

ಪೂಜೆ ಆಯಿತು. ಹಸಿ ಆರುವ ಮೊದಲೇ ಬೈರಿಗೆ ಸೇರಿಸಿ, ಪೆಲೆಟ್ ತುಂಬಿ, ಬೆಂಕಿ ಹಚ್ಚಿದೆ. ಸೊಪ್ಪು ಹಳದಿಗೆ ತಿರುಗುವ ಹೊತ್ತಿನಲ್ಲಿ ಕಾವು ಸಣ್ಣದು, ಬೈರಿಗೆ ತೀರಾ ನಿಧಾನ. ಕೊಳವೆಯ ಹಸಿ ಕುಡಿದು ಪೆಲೆಟ್ಟು ಉಬ್ಬಿತು, ಉಬ್ಬಿ ಹೊಟ್ಟಾಯಿತು, ಹೊಟ್ಟು ಬಿಸಿಗೆ ಗಾರೆಯ ಹಾಗೆ ಗಟ್ಟಿಯಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಮೋಟಾರು ಗುಂಯ್ ಅನ್ನುತ್ತಿದೆ, ಪಿನ್ನು ಮುರಿದಿದೆ, ಒಲೆಯಲ್ಲಿ ಬೂದಿ. ಬ್ಯಾರನ್ನಿನ ಗಾಜಿನ ಕಿಂಡಿಯಲ್ಲಿ ಇಣುಕಿದೆ. ಎಲೆ ಇನ್ನೂ ಹಳದಿಯಾಗಿಯೇ ಇತ್ತು. ಈಗ ಕಾವು ಕೊಟ್ಟರೆ ಉಳಿಯುತ್ತದೆ ಅಂತ ಗೋಡೆ ಹಾರಿ ಓಡಿದೆ.

ಭಾವ ಬಂದರು. ಗೋಣಿಚೀಲ ಹಾಸಿದರು. ತಾವು ಕಟ್ಟೆಯ ಮೇಲೆ ಕೂತರು.

“ಬಿಚ್ಚು.”

“ಬಾವ, ಇದೊಂದ್ಸಲ ನೀವೇ—”

“ನಾನ್ ಕೈ ಆಕಾಕಿಲ್ಲ. ನಿನ್ ಬ್ಯಾರನ್ನು, ನಿನ್ ಬೈರಿಗೆ.”

ಬಿಚ್ಚಿದೆ. ಡಬ್ಬ ಬಿಚ್ಚಿ, ಮೋಟಾರು ಬಿಚ್ಚಿದೆ. ಬೈರಿಗೆ ಎಳೆದರೆ ಕದಲಲಿಲ್ಲ. ಉಳಿ ತಂದು ಸುತ್ತಿಗೆಯಲ್ಲಿ ಹೊಡೆದು, ಕೊಳವೆಯೊಳಗೆ ಗಟ್ಟಿಯಾದ ಹೊಟ್ಟನ್ನು ಚೂರುಚೂರಾಗಿ ಕೆತ್ತಿದೆ. ಕೈಯೆಲ್ಲ ಬೊಬ್ಬೆ. ಜನ ಸೇರಿದರು. ಭಾವ ಅವರಿಗೆಲ್ಲ ಒಂದೊಂದಾಗಿ ವಿವರಿಸುತ್ತಿದ್ದರು. “ಈಗ ಪೀವೂಸಿ ಉಳಿನ ತಿರುಗ್ಸಿ ಇಡ್ಕಂಡವ್ಳೆ. ಅಂಗಲ್ಲ ಅಂತ ಅವ್ಳಿಗೇ ಗೊತ್ತಾಗ್ಲಿ. ಆಂ, ಗೊತ್ತಾಯ್ತು ನೋಡಿ.” ಒಮ್ಮೆ ಬೈರಿಗೆಯನ್ನು ಹಿಂದುಮುಂದಾಗಿ ಸೇರಿಸಿದೆ. ಅವರಿಗೆ ಕಂಡಿತ್ತು, ಸುಮ್ಮನಿದ್ದರು. ಎಲ್ಲ ಬೋಲ್ಟು ಬಿಗಿದು ಮುಗಿಸಿದ ಮೇಲೆ, “ಇನ್ನೊಂದ್ಸಲ ಬಿಚ್ಚು” ಅಂದರು. ಅಕ್ಕ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದರು. “ಕೆಲ್ಸ ಮುಗೀಲಿ ತಡಿ” ಅಂತ ಭಾವ ಅದನ್ನು ತಾವೇ ಕುಡಿದರು.

ಬೈರಿಗೆ ತಿರುಗಿದಾಗ ಸಂಜೆಯಾಗಿತ್ತು. ಸೊಪ್ಪು ಅಷ್ಟರಲ್ಲಿ ಕಂದಿತ್ತು. ಎರಡು ದಿನ ಕಾವು ಕೊಟ್ಟು ನೋಡಿದೆ, ನನ್ನ ಸಮಾಧಾನಕ್ಕೆ. ಬಾಗಿಲು ತೆಗೆದಾಗ ಬಂದ ವಾಸನೆ ನನಗೆ ಇನ್ನೂ ಗೊತ್ತು. ರಜೆಗೆ ಬಂದಿದ್ದ ನನ್ನ ಗಂಡ ಬಾಗಿಲಲ್ಲಿ ನಿಂತು ಒಂದು ಎಲೆ ಮುಟ್ಟಿ ನೋಡಿ, “ಬುಡು, ಅಣ್ಣನೇ ನೋಡ್ಕಳ್ಳಿ” ಅಂದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ವಾರವೇ ಗೋಡೆಯ ಹತ್ತಿರ ನಿಂತು ಕೇಳಿದೆ. “ನೀರು ತಾಕಿಸ್ಬಾರ್ದು ಅಂತ ನಿಮ್ಗೆ ಗೊತ್ತಿತ್ತಾ ಬಾವ?”

“ಗೊತ್ತಿಲ್ದೆ ಏನು. ಕಂಪ್ನಿಯೋನು ಮೊದಲ್ನೇ ಮಾತೇ ಅದು ಯೋಳಿದ್ದು. ನೀನಾಗ ಲೋಟ ತೊಳೀತಿದ್ದೆ.”

“ಮತ್ಯಾಕೆ ಯೋಳ್ಲಿಲ್ಲ?”

“ಯೋಳಿದ್ರೆ ಮರ್ತೋಗ್ತಿದ್ದೆ ಕಣವ್ವ.” ಅದೇ ಮೆತ್ತನೆಯ ನಗು. “ಈಗ ಮರಿ ನೋಡವಾ.”

ಅಲ್ಲಿಂದ ಬ್ಯಾರನ್ ಅವರ ಕೈಗೆ ಹೋಯಿತು, ನಾನು ನನ್ನದೇ ಬ್ಯಾರನ್ನಿಗೆ ಕೆಲಸದವಳಾದೆ. ಪ್ರತಿ ಸಲ ಸೊಪ್ಪು ಇಳಿಸಿದ ಮೇಲೆ ಎರಡು ಬೈರಿಗೆಗಳನ್ನೂ ಬಿಚ್ಚಿ ಜೋಡಿಸುವುದು ನನ್ನ ಪಾಲಿಗೆ ಬಂತು. ಅವರು ಕಟ್ಟೆಯ ಮೇಲೆ, ನಾನು ಗೋಣಿಚೀಲದ ಮೇಲೆ. ಬೈರಿಗೆಯನ್ನು ಚಪ್ಪಡಿ ಕಲ್ಲಿನ ಮೇಲೆ ಉರುಳಿಸಿ ಸೊಟ್ಟವಾಗಿದೆಯೇ ಅಂತ ನೋಡಬೇಕು. ಅಂಚಿಗೆ ಕಟ್ಟಿದ ಕಿಟ್ಟವನ್ನು ಕೆರೆಯಬೇಕು. ಒಣಬಟ್ಟೆಯಿಂದ ಮಾತ್ರ ಒರೆಸಬೇಕು. ಬೈರಿಗೆಯ ತುದಿ ಕೂತು ತಿರುಗುವ ಬುಷ್ಷಿಗೆ ಒಂದು ತೊಟ್ಟು ಎಣ್ಣೆ, ತಿರುಪಿಗೆ ತಾಕಬಾರದು. ಪಿನ್ನು ಹಾಕಿ, ಸ್ವಿಚ್ಚು ಒತ್ತುವ ಮೊದಲು ಕೈಯಲ್ಲೇ ತಿರುಗಿಸಿ ಎಲ್ಲೂ ಉಜ್ಜುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಇದನ್ನೆಲ್ಲ ಅವರು ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ತಪ್ಪು ಮಾಡಲು ಬಿಟ್ಟು, ಪೂರ್ತಿ ಮುಗಿಸಲು ಬಿಟ್ಟು, ಆಮೇಲೆ “ಬಿಚ್ಚು” ಅನ್ನುತ್ತಿದ್ದರು. ಒಂದೊಂದು ಪಾಠಕ್ಕೂ ನನ್ನ ಕೈಯ ಒಂದೊಂದು ಗಾಯ ಇದೆ. ಅವರನ್ನು ನಾನು ಎಷ್ಟು ದ್ವೇಷಿಸಿದೆ ಅಂದರೆ, ಗೋಡೆಯಾಚೆ ಅವರ ಕೆಮ್ಮು ಕೇಳಿದರೆ ಬಾಯಲ್ಲಿದ್ದ ತುತ್ತು ಇಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿ ಬೈರಿಗೆ ಜೋಡಿಸುವಷ್ಟು ಕಲಿತೆ ಅನ್ನುವುದೂ ಅಷ್ಟೇ ನಿಜ.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಮಗ ಗೂಡ್ಸ್ ಗಾಡಿ ಓಡಿಸುವವನು, ಸಾಧು. “ಚಿಕ್ಕಮ್ಮ, ನಿಮ್ ಬ್ಯಾರನ್ ನೀವೇ ನೋಡ್ಕಳಿ. ನಮ್ದು ನನ್ನೆಂಡ್ತಿ ನೋಡ್ಕತಾಳೆ” ಅಂದ. ಅವನ ಹೆಂಡತಿ ಸರಗೂರಿನ ಕಡೆಯ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾತಿಗೆ ಮೊದಲು ನಗುವವಳು. ಅಕ್ಕನಿಗೆ ಅವಳ ಮೇಲೆ ನಂಬಿಕೆ ಇರಲಿಲ್ಲ. “ಇವ್ಳಿಂದಾದ್ರೆ ಸರಿ, ಇಲ್ಲಾಂದ್ರೆ ಬ್ಯಾರನ್ನ ನಿನ್ಗೇ ಒಪ್ಸಿಬುಡ್ತೀನಿ ಕಣೆ” ಅಂತ ನನ್ನ ಹತ್ತಿರ ಹೇಳಿದ್ದರು.

ಹೋದ ವರ್ಷದ ಆಯುಧಪೂಜೆಯ ದಿನ ಭಾವನನ್ನು ಹಿತ್ತಲಿನ ಜಗಲಿಗೆ ತಂದು ಮಂಚದ ಮೇಲೆ ಒರಗಿಸಿದ್ದರು. ಆ ಹುಡುಗಿ ಸೆರಗು ಸಿಕ್ಕಿಸಿಕೊಂಡು, ಬೈರಿಗೆ ಹೊರಗೆಳೆದು ಬಕೆಟ್ಟಿನ ಪಕ್ಕ ಇಟ್ಟಿದ್ದಳು. ಭಾವ “ಆ, ಆ” ಅನ್ನತೊಡಗಿದರು. ಎಡಗೈ ಎತ್ತಿ ಬಕೆಟ್ಟು ತೋರಿಸಿದರು. ಅಕ್ಕ ಓಡಿಬಂದು, “ಬಾಯಾರ್ತಾ ಐತೇನೋ” ಅಂತ ಲೋಟದಲ್ಲಿ ನೀರು ತಂದು ಬಾಯಿಗೆ ಹಿಡಿದರು. ಅವರು ಮುಖ ತಿರುಗಿಸಿದರು. ಅಕ್ಕ ಬಿಡಲಿಲ್ಲ. ನೀರು ಗಲ್ಲದ ಮೇಲೆ, ಬನಿಯನ್ನಿನ ಮೇಲೆ ಸುರಿಯಿತು. ಆಗ ಅವರ ಕಣ್ಣು ಗೋಡೆಯಾಚೆ ನಿಂತಿದ್ದ ನನ್ನನ್ನು ನೋಡಿತು. ಆ ಅಂಗಳದಲ್ಲಿ ಅವರ ಭಾಷೆ ಗೊತ್ತಿದ್ದವಳು ನಾನೊಬ್ಬಳೇ.

ನಾನು ಅವಸರ ಮಾಡಲಿಲ್ಲ. ನನಗೆ ಸಂತೋಷವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಚೊಂಬು ಅದ್ದಿ ಮೇಲೆತ್ತುವವರೆಗೆ ಕಾದು, ಆಮೇಲೆ ಗೋಡೆ ದಾಟಿ ಹೋಗಿ ಅವಳ ಕೈ ಹಿಡಿದೆ. “ನೀರು ತಾಕಿಸ್ಬ್ಯಾಡ ಕಣವ್ವ, ಪೆಲೆಟ್ಟು ಉಬ್ಕಂಡು ಬೈರಿಗೆ ಇಡ್ಕತದೆ. ಒಣಬಟ್ಟೇಲಿ ಒರ್ಸಿ ಕುಂಕ್ಮ ಇಡು, ಸಾಕು.”

“ಅಷ್ಟೇನಾ ಚಿಕ್ಕತ್ತೆ?”

“ಅಷ್ಟೇ.” ನಾನು ಮಂಚದ ಕಡೆ ತಿರುಗಿದೆ. “ನೋಡಿದ್ರಾ ಬಾವ? ಎಷ್ಟು ಮಾತು ಬೇಕಾಯ್ತು ಅಂತ.”

ಭಾವನ ಒಂದು ಕಣ್ಣಿನಿಂದ ನೀರು ಇಳಿಯಿತು. ಅಕ್ಕ ಅದನ್ನು ಸೆರಗಿನಿಂದ ಒರೆಸುತ್ತಾ, “ನೋಡೇ, ನಿನ್ ಉಪ್ಕಾರ ನೆನ್ಕಂಡು ಅಳ್ತಾವ್ರೆ” ಅಂದರು. ನಾನು ಇರಬಹುದು ಅಂದೆ. ಅವತ್ತು ಹೋಳಿಗೆ ತುಂಬ ರುಚಿಯಾಗಿತ್ತು.

ಈ ವರ್ಷ ಗೌರಿ ಹಬ್ಬ ಕಳೆದ ಮೇಲೆ ಅವರು ಹೋದರು. ತಿಥಿಯಾಗಿ ಕೆಲವೇ ವಾರಕ್ಕೆ ಆಯುಧಪೂಜೆ. ಸಾವಾದ ಮನೆ, ಅವರಿಗೆ ಈ ವರ್ಷ ಹಬ್ಬವಿಲ್ಲ. ಆದರೂ ಯಂತ್ರಕ್ಕೆ ಕುಂಕುಮ ಇಡದೆ ಬೆಂಕಿ ಹಚ್ಚುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಬೆಳಿಗ್ಗೆ ನಾನು ನನ್ನ ಬೈರಿಗೆ ಒರೆಸಿಟ್ಟು ತಲೆಯೆತ್ತಿದರೆ, ಗೋಡೆಯಾಚೆ ನೀರಿನ ಸದ್ದು. ಆ ಹುಡುಗಿ ಕೊಳವೆಗೆ ನೀರು ಹುಯ್ಯುತ್ತಿದ್ದಾಳೆ. ಅವಳ ಬ್ಯಾರನ್ನೂ ತುಂಬಿ ಆಗಿತ್ತು, ಗಿಡದ ನಡುಭಾಗದ ಎಲೆ.

ಮರೆತಿದ್ದಳು. ಅವಳ ಕೈ ಹಿಡಿದು ಹೇಳಿದ್ದೆ. ಒಂದೇ ವರ್ಷದಲ್ಲಿ ಪೂರ್ತಿ ಮರೆತು, ಹಾಡಿಕೊಂಡು ತೊಳೆಯುತ್ತಿದ್ದಳು.

ನನಗೆ ಮೈ ಉರಿದುಹೋಯಿತು. ಸಿಟ್ಟು ಅವಳ ಮೇಲಲ್ಲ. ಸತ್ತು ಬೂದಿಯಾದ ಮೇಲೂ, ಹೇಳಿದರೆ ಮರೆಯುತ್ತಾರೆ ಅನ್ನುವ ಆ ಮನುಷ್ಯನ ಮಾತೇ ನಿಂತಿತಲ್ಲ, ಆ ಜಗಲಿಯಲ್ಲಿ ನಾನು ಗೆದ್ದೆ ಅಂದುಕೊಂಡದ್ದೆಲ್ಲ ಸುಳ್ಳಾಯಿತಲ್ಲ ಅಂತ. ಗೋಡೆಯ ಹತ್ತಿರ ಹೋದೆ. ಕೈಯಲ್ಲಿ ಕಾಫಿ ಲೋಟ ಇತ್ತು. ಮೊಣಕೈ ಊರಿದ ಮೇಲೆಯೇ ನನಗೆ ಗೊತ್ತಾದದ್ದು, ಗೋಡೆಯ ಆ ಜಾಗ ಎರಡೂ ಕಡೆಯಿಂದ ಸವೆದು ನುಣುಪಾಗಿದೆ ಅಂತ.

ಅವಳು ನನ್ನನ್ನು ನೋಡಿ ನಕ್ಕಳು. “ಸರಿಯಾಗಿ ಓಯ್ತಾ ಮಸಿ, ಚಿಕ್ಕತ್ತೆ?”

“ಒಳ್ಗಡೆ ಇನ್ನೊಸಿ ಐತೆ,” ಅಂದೆ. “ಚೆನ್ನಾಗಿ ತೊಳಿಯವ್ವ.”

ಅವಳು ಇನ್ನೊಂದು ಬಿಂದಿಗೆ ನೀರು ಹುಯ್ದಳು. ನಾನು ನಿಂತು ನೋಡಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಾಫಿ ಆರುವ ಮೊದಲು ಕುಡಿದು ಮುಗಿಸಿದೆ.

ಮಾರನೆಯ ಬೆಳಿಗ್ಗೆ ಅವಳು ಗೋಡೆ ಹಾರಿ ಓಡಿಬಂದಳು. ಹೋದೆ. ಮೋಟಾರು ಗುಂಯ್ ಅನ್ನುತ್ತಿತ್ತು. ಗೋಣಿಚೀಲ ಹಾಸಿದೆ. ಕಟ್ಟೆಯ ಮೇಲೆ ಕೂತೆ. ಅವಳು ಬಾಗಿ ಪಿನ್ನು ನೋಡಿದಳು, ಕೊಳವೆಯ ಬಾಯಲ್ಲಿ ಗಟ್ಟಿಯಾಗಿದ್ದ ಹೊಟ್ಟನ್ನು ಉಗುರಿನಿಂದ ಕೆರೆದಳು. ಹೋದ ವರ್ಷದ್ದು ಆಗ ನೆನಪಾಗಿರಬೇಕು. ನಿಧಾನವಾಗಿ ನನ್ನ ಕಡೆ ತಿರುಗಿದಳು.

“ನಿಮ್ಗೆ ಗೊತ್ತಿತ್ತು.”

“ಗೊತ್ತಿಲ್ದೆ ಏನು.”

“ತೊಳಿ ಅಂದ್ರಲ್ಲ ಚಿಕ್ಕತ್ತೆ.”

“ಅಂದೆ. ಈಗ ಬಿಚ್ಚು. ನಾನ್ ಕೈ ಆಕಾಕಿಲ್ಲ.”

ಅವಳು ಸ್ಪ್ಯಾನರ್ ಎತ್ತಿಕೊಂಡಳು. ಸಂಜೆಯವರೆಗೂ ಕೆತ್ತಿದಳು. ಸೊಪ್ಪು ಹೋಯಿತು, ಹೋಗಲೇಬೇಕಿತ್ತು. ಅಕ್ಕ ಬ್ಯಾರನ್ ಒಪ್ಪಿಸಲು ಬಂದಾಗ ನಾನು ಬೇಡ ಅಂದೆ. ಭಾವನಿಗಿಂತ ನಾನು ಮೇಲು ಅನ್ನಿಸಿಕೊಳ್ಳಲು ಅಷ್ಟು ಸಾಕಾಗುತ್ತದೋ ಇಲ್ಲವೋ, ಗೊತ್ತಿಲ್ಲ. ಆಮೇಲೆ ಆ ಹುಡುಗಿಯ ಬೈರಿಗೆ ಒಮ್ಮೆಯೂ ನಿಂತಿಲ್ಲ. ಈಗ ಅವಳು ನನ್ನನ್ನು ಕಂಡರೆ ನಗುವುದಿಲ್ಲ, ಗೋಡೆಯಾಚೆ ನಾನು ಕೆಮ್ಮಿದರೆ ಎದ್ದು ಒಳಗೆ ಹೋಗುತ್ತಾಳೆ. ನಾಳೆ ನನ್ನ ತಿಥಿಯ ಊಟದಲ್ಲಿ ಯಾರಾದರೂ ಪುಣ್ಯಾತ್ಮರು ನನ್ನನ್ನು ಒಳ್ಳೆಯವಳು ಅನ್ನುತ್ತಾರೆ, ಆಗ ಅವಳಿಗೂ ಸಾರು ನೆತ್ತಿಗೆ ಹತ್ತುತ್ತದೆ.